ದಾರಿ ನಮ್ಮೂರಿನದು, ಕೆಲಸವೂ ನಮ್ಮದಾಗಲಿ: ರಸ್ತೆ ಕೆಲಸಗಾರರಿಗೆ ತರಬೇತಿಯ ಅವಕಾಶಗಳು



ಸೊಲ್ಲಾಪುರದಿಂದ ವಿಜಯಪುರದ ಕಡೆಗೆ ಹೊರಟರೂ ಸರಿ, ತಲಪಾಡಿಯಿಂದ ಕಾಸರಗೋಡಿನ ಕಡೆಗೆ ಹೊರಟರೂ ಸರಿ, ಹೊಸೂರಿನಿಂದ ಕೃಷ್ಣಗಿರಿಗೆ ಬಸ್ಸು ಹತ್ತಿದರೂ ಸರಿ, ದಾರಿಯ ರೂಪವೇ ಬದಲಾಗಿರುವುದನ್ನು ನೀವು ಕಂಡಿದ್ದೀರಿ. ಒಂದು ಕಾಲಕ್ಕೆ ಎರಡು ಎತ್ತಿನಗಾಡಿ ಎದುರಾದರೆ ಒಂದು ಪಕ್ಕಕ್ಕೆ ಸರಿಯಬೇಕಾಗಿದ್ದ ಜಾಗದಲ್ಲಿ ಈಗ ನಾಲ್ಕು ಸಾಲು, ಆರು ಸಾಲು ವಾಹನಗಳು ಓಡುತ್ತವೆ. ಸೊಲ್ಲಾಪುರದ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 52 ವಿಜಯಪುರ, ಹುಬ್ಬಳ್ಳಿ ದಾಟಿ ಅಂಕೋಲೆಯ ತನಕ ಹೋಗುತ್ತದೆ. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ 65 ಕೂಡ ಸೊಲ್ಲಾಪುರವನ್ನು ಮುಟ್ಟಿಯೇ ಹೋಗುತ್ತದೆ. ಕರಾವಳಿಯ ಹೆದ್ದಾರಿ 66 ತಲಪಾಡಿಯಲ್ಲಿ ಗಡಿ ದಾಟುತ್ತದೆ. ಚಾಮರಾಜನಗರದಿಂದ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿ 948 ತಾಳವಾಡಿಯವರಿಗೆ ಹೊರಜಗತ್ತಿನ ಬಾಗಿಲು. ದಾರಿಗೆ ಭಾಷೆಯ ಗಡಿ ಇಲ್ಲ, ರಾಜ್ಯದ ಗಡಿಯೂ ಇಲ್ಲ.

ಆದರೆ ಆ ದಾರಿಯ ಮೇಲೆ ಕೆಲಸ ಮಾಡುವವರು ಯಾರು? ಒಮ್ಮೆ ನಿಂತು ನೋಡಿರಿ. ಗ್ರೇಡರ್ ನಡೆಸುವವನು ದೂರದ ರಾಜ್ಯದವನು. ಡಾಂಬರು ಹಾಸುವ ಪೇವರ್ ಯಂತ್ರದ ಮೇಲೆ ಕುಳಿತವನೂ ದೂರದವನೇ. ದುರ್ಬೀನಿನಂಥ ಯಂತ್ರ ಇಟ್ಟು ಅಳತೆ ನೋಡುವವನೂ ಹೊರಗಿನವನು. ನಮ್ಮೂರಿನ ತಮ್ಮಂದಿರು ಬುಟ್ಟಿ ಹೊರುತ್ತಾರೆ, ನೀರು ಹೊಡೆಯುತ್ತಾರೆ, ರಾತ್ರಿ ಕಾವಲು ಕಾಯುತ್ತಾರೆ. ಭೂಮಿ ಕೊಟ್ಟವರು ನಾವು, ಧೂಳು ಕುಡಿದವರು ನಾವು. ಕಸುಬಿನ ಕೂಲಿ ಮಾತ್ರ ಬೇರೆಯವರಿಗೆ. ದೂರದಿಂದ ಬಂದವರ ಮೇಲೆ ನಮಗೆ ಸಿಟ್ಟು ಬೇಡ. ಅವರೂ ಹೊಟ್ಟೆಪಾಡಿಗೆ ಮನೆಮಾರು ಬಿಟ್ಟು ಬಂದವರು. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಅವರ ಕೈಯಲ್ಲಿ ಇರುವ ಏನು ನಮ್ಮ ಕೈಯಲ್ಲಿ ಇಲ್ಲ?

ಉತ್ತರ ಎರಡು ಮಾತಿನಲ್ಲಿದೆ. ಒಂದು, ಯಂತ್ರದ ಮತ್ತು ಅಳತೆಯ ಕಲಿಕೆ. ಇನ್ನೊಂದು, ಕಲಿತದ್ದನ್ನು ತೋರಿಸುವ ಕಾಗದ. ಈ ಎರಡನ್ನೂ ಪಡೆಯುವ ದಾರಿಗಳು ಯಾವುವು ಎಂಬುದನ್ನು ಇಂದಿನ ಭಾಷಣದಲ್ಲಿ ಒಂದೊಂದಾಗಿ ನೋಡೋಣ.

ಮೊದಲಿಗೆ ರಸ್ತೆ ಎಂದರೆ ಏನು ಎಂದು ತಿಳಿಯೋಣ. ಮೇಲಿನಿಂದ ಕಾಣುವುದು ಕಪ್ಪು ಡಾಂಬರು ಮಾತ್ರ. ಅದರ ಕೆಳಗೆ ಪದರದ ಮೇಲೆ ಪದರ ಇದೆ. ಎಲ್ಲಕ್ಕಿಂತ ಕೆಳಗೆ ಗಟ್ಟಿ ಮಾಡಿದ ಮಣ್ಣು. ಅದರ ಮೇಲೆ ನೀರು ಬಸಿದು ಹೋಗುವಂಥ ಗರಸು ಮತ್ತು ಜಲ್ಲಿಯ ಪದರ. ಅದರ ಮೇಲೆ ನೀರು ಬೆರೆಸಿ ಹಾಸಿದ ಹದವಾದ ಜಲ್ಲಿಯ ಪದರ. ಕೊನೆಗೆ ಒಂದೋ ಎರಡೋ ಡಾಂಬರಿನ ಪದರ. ಪ್ರತಿ ಪದರಕ್ಕೂ ಒಂದು ಹದ ಇದೆ, ಒಂದು ಅಳತೆ ಇದೆ. ಮಣ್ಣಿಗೆ ನೀರು ಕಡಿಮೆಯಾದರೆ ಗಟ್ಟಿ ಕೂರುವುದಿಲ್ಲ, ಹೆಚ್ಚಾದರೆ ರೋಲರಿನ ಕೆಳಗೆ ರಬ್ಬರಿನಂತೆ ಕುಣಿಯುತ್ತದೆ. ರೊಟ್ಟಿಯ ಹಿಟ್ಟಿಗೆ ನೀರು ಹಾಕುವ ತಾಯಂದಿರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಡಾಂಬರಿನ ಹದವನ್ನೇ ತೆಗೆದುಕೊಳ್ಳಿ. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಬಳಸುವ ವಿಜಿ 30 ಎಂಬ ದರ್ಜೆಯ ಡಾಂಬರನ್ನು ಜಲ್ಲಿಯೊಂದಿಗೆ 150ರಿಂದ 165 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೆರೆಸುತ್ತಾರೆ. ರಸ್ತೆಯ ಮೇಲೆ ಹಾಸುವಾಗ ಅದು 140 ಡಿಗ್ರಿಗಿಂತ ಕೆಳಗೆ ಇಳಿದಿರಬಾರದು. ರೋಲರ್ ಓಡಿಸುವ ಕೆಲಸ 90 ಡಿಗ್ರಿಗೆ ಇಳಿಯುವ ಮೊದಲೇ ಮುಗಿಯಬೇಕು. ಟಿಪ್ಪರ್ ತಡವಾಗಿ ಬಂದು ಮಾಲು ತಣ್ಣಗಾಗಿದ್ದರೆ ಎಷ್ಟು ಸಲ ರೋಲರ್ ಓಡಿಸಿದರೂ ಪ್ರಯೋಜನವಿಲ್ಲ. ಮೊದಲ ಮಳೆಗಾಲದಲ್ಲೇ ಜಲ್ಲಿ ಎದ್ದು ಬರುತ್ತದೆ. ರೋಲರ್ ಓಡಿಸುವುದಕ್ಕೂ ಕ್ರಮ ಇದೆ. ತಗ್ಗಾದ ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ ಬರಬೇಕು. ನಡುವಿನಿಂದ ಅಂಚಿಗೆ ಹೋದರೆ ರಸ್ತೆಯ ಬೆನ್ನು ಚಪ್ಪಟೆಯಾಗುತ್ತದೆ, ನೀರು ನಿಲ್ಲುತ್ತದೆ. ನೀರು ನಿಂತ ರಸ್ತೆ ಬಹುಕಾಲ ಬಾಳುವುದಿಲ್ಲ.

ಇಷ್ಟು ಹೇಳಿದ್ದು ಏಕೆಂದರೆ, ರಸ್ತೆಯ ಕೆಲಸದಲ್ಲಿ ಬುಟ್ಟಿ ಹೊರುವವನಿಗೂ ತಾಪಮಾಪಕ ಹಿಡಿಯುವವನಿಗೂ ನಡುವೆ ಇರುವ ಅಂತರ ಈ ತಿಳಿವಳಿಕೆಯದು. ಸರ್ಕಾರ ಪ್ರಕಟಿಸುವ ಕನಿಷ್ಠ ಕೂಲಿಯ ಪಟ್ಟಿಯಲ್ಲಿಯೂ ಕೆಲಸಗಾರರನ್ನು ಅಕುಶಲ, ಅರೆಕುಶಲ, ಕುಶಲ ಎಂದು ಬೇರೆ ಬೇರೆ ಮೆಟ್ಟಿಲಲ್ಲಿ ನಿಲ್ಲಿಸುತ್ತಾರೆ. ಒಂದು ಮೆಟ್ಟಿಲು ಮೇಲೆ ಹೋದುದಕ್ಕೆ ದಿನಕ್ಕೆ 100 ರೂಪಾಯಿ ಹೆಚ್ಚು ಸಿಕ್ಕಿತು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ತಿಂಗಳಿಗೆ 25 ದಿನ, ವರ್ಷಕ್ಕೆ 8 ತಿಂಗಳು ಕೆಲಸ ಸಿಕ್ಕರೆ ಅದು 20,000 ರೂಪಾಯಿ. ಒಂದು ಮಗುವಿನ ಓದಿನ ಖರ್ಚು ಅದರಲ್ಲಿ ಹೊರಡುತ್ತದೆ.

ಈಗ ದಾರಿಗಳ ಮಾತು.

ಮೊದಲನೆಯ ದಾರಿ ಈಗಾಗಲೇ ಕೆಲಸ ಬಲ್ಲವರಿಗೆ. ಹತ್ತು ವರ್ಷ ಗಾರೆ ಕೆಲಸ ಮಾಡಿದವರು, ಕಂಬಿ ಕಟ್ಟಿದವರು, ಜೆಸಿಬಿ ಓಡಿಸಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಕೆಲಸ ಬರುತ್ತದೆ, ಕಾಗದ ಇಲ್ಲ. ದೊಡ್ಡ ಕಂಪನಿಯ ಬಾಗಿಲಿಗೆ ಹೋದರೆ ಸಹಾಯಕನ ಪಗಾರಕ್ಕೆ ನಿಲ್ಲಿಸುತ್ತಾರೆ. ಇಂಥವರಿಗಾಗಿ ‘ಪೂರ್ವ ಕಲಿಕೆಯ ಮಾನ್ಯತೆ’ ಎಂಬ ವ್ಯವಸ್ಥೆ ಇದೆ. ಆಡುಮಾತಿನಲ್ಲಿ ಇದನ್ನು ಆರ್‌ಪಿಎಲ್ ಎನ್ನುತ್ತಾರೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಇದು ಒಂದು ಮುಖ್ಯ ಅಂಗವಾಗಿ ಬಂತು. ಇದರಲ್ಲಿ ತಿಂಗಳುಗಟ್ಟಲೆ ತರಗತಿಗೆ ಕುಳಿತುಕೊಳ್ಳಬೇಕಾಗಿಲ್ಲ. ಕೆಲವು ಗಂಟೆಗಳ ಪರಿಚಯ ಪಾಠ ಹೇಳಿ, ಸುರಕ್ಷತೆಯ ಮಾತು ತಿಳಿಸಿ, ಆಮೇಲೆ ಕೆಲಸ ಮಾಡಿಸಿ ನೋಡಿ ಪರೀಕ್ಷೆ ಮಾಡುತ್ತಾರೆ. ಪಾಸಾದವರಿಗೆ ಪ್ರಮಾಣಪತ್ರ. ಹಲವು ಸಲ ಕೆಲಸದ ಜಾಗದಲ್ಲಿಯೇ ಶಿಬಿರ ನಡೆಯುತ್ತದೆ. ನಿಮ್ಮ ಗುಂಪಿನಲ್ಲಿ ಇಪ್ಪತ್ತು ಮೂವತ್ತು ಜನ ಇದ್ದರೆ ಮುಕಾದಮರು ಅಥವಾ ಮೇಸ್ತ್ರಿಗಳು ಗುತ್ತಿಗೆದಾರರನ್ನು ಕೇಳಿ, ಜಿಲ್ಲೆಯ ಕೌಶಲ ಅಭಿವೃದ್ಧಿ ಕಚೇರಿಗೆ ಅರ್ಜಿ ಕೊಡಿಸಬಹುದು. ಒಬ್ಬೊಬ್ಬರೇ ಹೋಗಿ ಅಲೆಯುವುದಕ್ಕಿಂತ ಗುಂಪಾಗಿ ಕೇಳಿದರೆ ಕೆಲಸ ಬೇಗ ಆಗುತ್ತದೆ.

ಎರಡನೆಯ ದಾರಿ ಯಂತ್ರ ನಡೆಸುವವರದು. ಜೆಸಿಬಿ, ಹಿಟಾಚಿ, ಗ್ರೇಡರ್, ರೋಲರ್, ಪೇವರ್ ಮುಂತಾದ ಯಂತ್ರಗಳ ಆಪರೇಟರುಗಳಿಗೆ ಮತ್ತು ರಿಪೇರಿ ಮಾಡುವವರಿಗೆ ತರಬೇತಿಯ ಪಠ್ಯ, ಪರೀಕ್ಷೆ, ಪ್ರಮಾಣಪತ್ರ ನೋಡಿಕೊಳ್ಳುವ ಸಂಸ್ಥೆಯ ಹೆಸರು ಇನ್‌ಫ್ರಾಸ್ಟ್ರಕ್ಚರ್ ಇಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್. ಇದರ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಗಾರೆ, ಕಂಬಿ, ಸೆಂಟ್ರಿಂಗ್ ಮುಂತಾದ ಕಟ್ಟಡ ಕಸುಬುಗಳಿಗೆ ಬೇರೆ ಕೌನ್ಸಿಲ್ ಇದೆ. ತರಬೇತಿ ಕೊಡುವ ಶಾಲೆ ಈ ಕೌನ್ಸಿಲ್‌ಗಳ ಮಾನ್ಯತೆ ಪಡೆದಿದೆಯೇ ಎಂದು ಮೊದಲು ಕೇಳಿರಿ. ಮಾನ್ಯತೆ ಇಲ್ಲದ ಶಾಲೆಗೆ ಸಾವಿರಾರು ರೂಪಾಯಿ ಶುಲ್ಕ ಕಟ್ಟಿ ತಂದ ಬಣ್ಣದ ಕಾಗದವನ್ನು ಕಂಪನಿಯವರು ನೋಡಿ ಬದಿಗಿಡುತ್ತಾರೆ.

ಯಂತ್ರ ನಡೆಸುವವರು ಇನ್ನೊಂದು ವಿಷಯ ಮರೆಯಬಾರದು. ತರಬೇತಿಯ ಪ್ರಮಾಣಪತ್ರ ಬೇರೆ, ಸಾರಿಗೆ ಕಚೇರಿ ಕೊಡುವ ಲೈಸನ್ಸ್ ಬೇರೆ. ಸಾರ್ವಜನಿಕ ರಸ್ತೆಗೆ ಯಂತ್ರ ಇಳಿಸಬೇಕಾದರೆ ಆ ಬಗೆಯ ವಾಹನಕ್ಕೆ ಲೈಸನ್ಸ್ ಬೇಕೇ ಬೇಕು. ಲೈಸನ್ಸ್ ಇಲ್ಲದೆ ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕು, ಮನೆಯವರಿಗೂ ಕಷ್ಟ. ಇಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಸರಕು ಮತ್ತು ಪ್ರಯಾಣಿಕರ ವಾಹನ ಓಡಿಸುವವರು ಎಂಟನೆಯ ತರಗತಿ ಪಾಸಾಗಿರಬೇಕು ಎಂಬ ನಿಯಮ ಹಿಂದೆ ಇತ್ತು. 2019ರಲ್ಲಿ ಅದನ್ನು ತೆಗೆದುಹಾಕಲಾಯಿತು. ಶಾಲೆ ಅರ್ಧಕ್ಕೆ ಬಿಟ್ಟವರು ಟಿಪ್ಪರ್ ಲೈಸನ್ಸಿನ ಆಸೆಯನ್ನೂ ಬಿಟ್ಟುಬಿಟ್ಟಿದ್ದರೆ ಮತ್ತೆ ವಿಚಾರಿಸಬಹುದು. ಸಂಚಾರದ ಫಲಕಗಳನ್ನು ಓದಿ ಅರ್ಥಮಾಡಿಕೊಳ್ಳುವ, ವಾಹನವನ್ನು ಸರಿಯಾಗಿ ನಡೆಸುವ ಪರೀಕ್ಷೆ ಮಾತ್ರ ಎಲ್ಲರಿಗೂ ಇದ್ದೇ ಇದೆ.

ಮೂರನೆಯ ದಾರಿ ಹತ್ತನೆಯ ತರಗತಿ ಮುಗಿಸಿದ ಹುಡುಗ ಹುಡುಗಿಯರಿಗೆ. ಅದು ಐಟಿಐ. ಭಾರತ ಸರ್ಕಾರ ಈ ಕುಶಲಕರ್ಮಿ ತರಬೇತಿಯನ್ನು 1950ರಲ್ಲಿ ಶುರುಮಾಡಿತು. ರಸ್ತೆಯ ಕೆಲಸಕ್ಕೆ ಹತ್ತಿರವಾದ ಕಸುಬುಗಳು ಇಲ್ಲಿ ಹಲವು. ಸರ್ವೇಯರ್ ಮತ್ತು ಡ್ರಾಫ್ಟ್ಸ್‌ಮನ್ ಸಿವಿಲ್ ಎಂಬ ಎರಡು ಕೋರ್ಸುಗಳು ಎರಡು ವರ್ಷದವು. ಡೀಸೆಲ್ ಮೆಕ್ಯಾನಿಕ್ ಮತ್ತು ವೆಲ್ಡರ್ ಒಂದು ವರ್ಷದವು. ಗಾರೆ ಕೆಲಸದ ಕೋರ್ಸು ಒಂದು ವರ್ಷ, ಅದಕ್ಕೆ ಎಂಟನೆಯ ತರಗತಿ ಪಾಸಾಗಿದ್ದರೆ ಸಾಕು. ನಮ್ಮ ಹುಡುಗರು ಐಟಿಐ ಎಂದರೆ ಫಿಟ್ಟರ್, ಇಲೆಕ್ಟ್ರಿಷಿಯನ್ ಎರಡೇ ಎಂದು ತಿಳಿದಿರುತ್ತಾರೆ. ಸರ್ವೇಯರ್ ಕಲಿತವರನ್ನು ರಸ್ತೆ ಕಂಪನಿ, ಜಮೀನು ಮೋಜಣಿ, ನೀರಾವರಿ ಕಾಲುವೆ, ರೈಲು ದಾರಿ ಎಲ್ಲ ಕಡೆಗೂ ಕರೆಯುತ್ತಾರೆ. ಹೆಣ್ಣುಮಕ್ಕಳಿಗೂ ಈ ಕೆಲಸ ಹೊಂದುತ್ತದೆ. ಇದರಲ್ಲಿ ಬೇಕಾದದ್ದು ತೋಳಿನ ಬಲಕ್ಕಿಂತ ಲೆಕ್ಕದ ಬುದ್ಧಿ ಮತ್ತು ತಾಳ್ಮೆ.

ಐಟಿಐ ಮುಗಿಸಿದ ಮೇಲೆ, ಕೆಲವು ಕಸುಬುಗಳಲ್ಲಿ ಅದು ಇಲ್ಲದೆಯೂ, ಅಪ್ರೆಂಟಿಸ್ ಆಗಿ ಸೇರಬಹುದು. ಇದಕ್ಕೆ 1961ರ ಅಪ್ರೆಂಟಿಸ್ ಕಾಯ್ದೆಯ ಆಧಾರ ಇದೆ. ಕಲಿಯುತ್ತಲೇ ಕೈಗೆ ಭತ್ಯೆ ಬರುತ್ತದೆ. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯಿಂದ ಆ ಭತ್ಯೆಯ ಒಂದು ಭಾಗವನ್ನು ಕೇಂದ್ರ ಸರ್ಕಾರ ಕೊಡುವ ಪದ್ಧತಿ ಬಂತು. ಅಪ್ರೆಂಟಿಸ್ ಒಪ್ಪಂದದ ಕಾಗದ ಕೈಗೆ ಬರದೆ ‘ಕಲಿಯುತ್ತಿದ್ದೀಯಲ್ಲ’ ಎಂದು ಪುಕ್ಕಟೆ ದುಡಿಸಿಕೊಂಡರೆ ಅದು ಅಪ್ರೆಂಟಿಸ್ ಅಲ್ಲ. ಈ ವ್ಯತ್ಯಾಸ ನೆನಪಿರಲಿ.

ನಾಲ್ಕನೆಯದು ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಯಂ ಉದ್ಯೋಗ ತರಬೇತಿ ಸಂಸ್ಥೆ. ಇದರ ಮೂಲ ನಮ್ಮ ಕನ್ನಡ ನಾಡಿನಲ್ಲೇ ಇದೆ ಎಂಬುದು ಹೆಮ್ಮೆಯ ಮಾತು. 1982ರಲ್ಲಿ ಧರ್ಮಸ್ಥಳದ ಹತ್ತಿರದ ಉಜಿರೆಯಲ್ಲಿ ಧರ್ಮಸ್ಥಳದ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ರುಡ್‌ಸೆಟ್ ಎಂಬ ಸಂಸ್ಥೆಯನ್ನು ಕಟ್ಟಿದವು. ಅದೇ ಮಾದರಿಯನ್ನು ಮುಂದೆ ದೇಶದ ಜಿಲ್ಲೆ ಜಿಲ್ಲೆಗೆ ಒಯ್ದರು. ಇಲ್ಲಿ ಊಟ, ವಸತಿ, ಪಾಠ ಎಲ್ಲವೂ ಉಚಿತ. ಸ್ವಂತ ಉದ್ಯೋಗ ಮಾಡುವವರಿಗೆ ಈ ಸಂಸ್ಥೆ. ಗಾರೆ ಕೆಲಸ, ವೆಲ್ಡಿಂಗ್, ವಾಹನ ರಿಪೇರಿಯಂಥವನ್ನು ಕಲಿತು, ಮುಂದೆ ಬ್ಯಾಂಕಿನ ಸಾಲಕ್ಕೂ ಕೈ ಹಾಕಬಹುದು. ಹೆದ್ದಾರಿಯ ಬದಿಯಲ್ಲಿ ಪಂಕ್ಚರ್ ಅಂಗಡಿ, ವೆಲ್ಡಿಂಗ್ ಅಂಗಡಿ ಹಾಕಬೇಕು ಎನ್ನುವವರಿಗೆ ಇದು ಸರಿಯಾದ ಜಾಗ.

ಇನ್ನು ನಮ್ಮ ನಮ್ಮ ರಾಜ್ಯಗಳಲ್ಲಿ ಏನಿದೆ ಎಂದು ನೋಡೋಣ.

ನಾರಾಯಣಪೇಟೆ, ತಾಂಡೂರು, ಜಹೀರಾಬಾದ್ ಕಡೆಯ ಕೇಳುಗರಿಗೆ ಹೈದರಾಬಾದಿನಲ್ಲಿ ರಾಷ್ಟ್ರೀಯ ನಿರ್ಮಾಣ ಅಕಾಡೆಮಿ ಇದೆ. ಜನರ ಬಾಯಲ್ಲಿ ಅದು ‘ನ್ಯಾಕ್’. ಇದು 1998ರಲ್ಲಿ ಸ್ಥಾಪನೆಯಾಯಿತು. ಎಂಜಿನಿಯರಿನಿಂದ ಹಿಡಿದು ಗಾರೆಯವರ ತನಕ ನಿರ್ಮಾಣ ಕೆಲಸದ ಎಲ್ಲರಿಗೂ ತರಬೇತಿ ಕೊಡುವುದೇ ಇದರ ಉದ್ದೇಶ. ಆದವಾನಿ, ರಾಯದುರ್ಗ, ಮಡಕಶಿರಾದವರಿಗೆ ಆಂಧ್ರದ ಕೌಶಲ ಅಭಿವೃದ್ಧಿ ನಿಗಮ ಇದೆ. ಹೊಸೂರು, ತಾಳವಾಡಿ, ನೀಲಗಿರಿಯವರಿಗೆ ತಮಿಳುನಾಡು ಕೌಶಲ ಅಭಿವೃದ್ಧಿ ನಿಗಮ ಮತ್ತು 2022ರಲ್ಲಿ ಆರಂಭವಾದ ‘ನಾನ್ ಮುದಲ್ವನ್’ ಯೋಜನೆ ಇವೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದವರು ಸಾಂಗ್ಲಿ ಮತ್ತು ಸೊಲ್ಲಾಪುರದ ಜಿಲ್ಲಾ ಕೌಶಲ ಕಚೇರಿಗಳಲ್ಲಿ, ಹತ್ತಿರದ ಸರ್ಕಾರಿ ಐಟಿಐಗಳಲ್ಲಿ ವಿಚಾರಿಸಬೇಕು. ಎಲ್ ಅಂಡ್ ಟಿಯಂಥ ದೊಡ್ಡ ನಿರ್ಮಾಣ ಕಂಪನಿಗಳು ಕೂಡ 1990ರ ದಶಕದಿಂದ ತಮ್ಮದೇ ತರಬೇತಿ ಶಾಲೆಗಳನ್ನು ನಡೆಸುತ್ತ ಬಂದಿವೆ. ಯಾವ ಕೋರ್ಸು ಯಾವ ತಿಂಗಳಲ್ಲಿ ಎಲ್ಲಿ ಶುರುವಾಗುತ್ತದೆ ಎಂಬುದು ಆಗಾಗ ಬದಲಾಗುತ್ತದೆ. ಆದ್ದರಿಂದ ವರ್ಷಕ್ಕೆ ಎರಡು ಸಲವಾದರೂ ಹೋಗಿ ಕೇಳುವ ರೂಢಿ ಇಟ್ಟುಕೊಳ್ಳಿ.

ಕಾಸರಗೋಡಿನ ಬಂಧುಗಳಿಗೆ ಕಣ್ಣೆದುರಿಗೇ ಒಂದು ಪಾಠ ಇದೆ. ತಲಪಾಡಿಯಿಂದ ಚೆಂಗಳದ ತನಕ, ಸುಮಾರು 39 ಕಿಲೋಮೀಟರ್, ಹೆದ್ದಾರಿ 66ರ ಆರು ಸಾಲಿನ ರಸ್ತೆಯ ಗುತ್ತಿಗೆ ಪಡೆದದ್ದು ಊರಾಳುಂಗಲ್ ಕಾರ್ಮಿಕರ ಸಹಕಾರ ಸಂಘ. ಇದು ವಡಗರದ ಹತ್ತಿರ ಹುಟ್ಟಿದ ಸಂಘ. ಸಮಾಜ ಸುಧಾರಕ ವಾಗ್ಭಟಾನಂದರ ಪ್ರೇರಣೆಯಿಂದ 1925ರಲ್ಲಿ ಹದಿನಾಲ್ಕು ಜನ ಕೂಲಿಕಾರರು ಸೇರಿ ಇದನ್ನು ಕಟ್ಟಿದರು. ಜಮೀನುದಾರರು ಕೆಲಸ ಕೊಡದೆ ದೂರ ಇಟ್ಟಾಗ, ನಮ್ಮ ಕೆಲಸವನ್ನು ನಾವೇ ಹಿಡಿಯೋಣ ಎಂದು ಹೊರಟವರು ಅವರು. ಇಂದು ಆ ಸಂಘ ರಾಷ್ಟ್ರೀಯ ಹೆದ್ದಾರಿಯನ್ನೇ ಕಟ್ಟುವಷ್ಟು ಬೆಳೆದಿದೆ. ಕೊಲ್ಲಂ ಜಿಲ್ಲೆಯ ಚವರದಲ್ಲಿ 2018ರಲ್ಲಿ ಆರಂಭವಾದ ಮೂಲಸೌಕರ್ಯ ಮತ್ತು ನಿರ್ಮಾಣ ಸಂಸ್ಥೆಯನ್ನು ಕೇರಳ ಸರ್ಕಾರದ ಪರವಾಗಿ ನಡೆಸುವ ಹೊಣೆಯೂ ಈ ಸಂಘಕ್ಕೆ ಬಂತು. ಅಲ್ಲಿ ಕಸುಬುದಾರರಿಂದ ಮೇಲ್ವಿಚಾರಕರ ತನಕ ಬೇರೆ ಬೇರೆ ಹಂತದ ಕೋರ್ಸುಗಳಿವೆ. ಕೂಲಿಕಾರರು ಒಗ್ಗಟ್ಟಾಗಿ, ಕಲಿತು, ಲೆಕ್ಕ ಶುದ್ಧವಾಗಿ ಇಟ್ಟುಕೊಂಡರೆ ಎಲ್ಲಿಯ ತನಕ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಅತ್ಯಂತ ಮುಖ್ಯವಾದ ಮಾತು, ಜೀವದ ಮಾತು. ರಸ್ತೆ ಕೆಲಸಗಾರನ ದೊಡ್ಡ ಶತ್ರು ಅವನ ಬೆನ್ನ ಹಿಂದೆ ಓಡುವ ವಾಹನ. ತರಬೇತಿಯಲ್ಲಿ ಮೊದಲು ಕಲಿಸುವುದು ಇದನ್ನೇ. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆ 1934ರಲ್ಲಿ ಸ್ಥಾಪನೆಯಾದದ್ದು. ಕೆಲಸ ನಡೆಯುವ ರಸ್ತೆಯ ಮೇಲೆ ಸಂಚಾರ ಹೇಗಿರಬೇಕು ಎಂದು ಅದು ಒಂದು ಮಾರ್ಗದರ್ಶಿಯನ್ನೇ ಹೊರತಂದಿದೆ. ಅದರ ಪ್ರಕಾರ ಕೆಲಸದ ಜಾಗವನ್ನು ನಾಲ್ಕು ಭಾಗವಾಗಿ ನೋಡಬೇಕು. ಮುಂಚಿತವಾಗಿ ಎಚ್ಚರಿಸುವ ಭಾಗ, ವಾಹನಗಳನ್ನು ನಿಧಾನವಾಗಿ ಪಕ್ಕಕ್ಕೆ ತಿರುಗಿಸುವ ಭಾಗ, ಕೆಲಸ ನಡೆಯುವ ಭಾಗ, ಮತ್ತೆ ಸಹಜ ಸಂಚಾರಕ್ಕೆ ಬಿಡುವ ಭಾಗ. ಎರಡು ಕಲ್ಲಿಟ್ಟು ಒಂದು ಮರದ ಕೊಂಬೆ ನೆಟ್ಟರೆ ಎಚ್ಚರಿಕೆ ಆಗುವುದಿಲ್ಲ. ವೇಗವಾಗಿ ಬರುವ ಲಾರಿ ಕೊಂಬೆ ಕಂಡು ಬ್ರೇಕ್ ಹಾಕುವುದರೊಳಗೆ ಕೆಲಸಗಾರನ ಮೇಲೆ ಬಂದಿರುತ್ತದೆ.

ಆದ್ದರಿಂದ ಹೊಳೆಯುವ ಪಟ್ಟಿಯ ಜಾಕೆಟ್, ತಲೆಗೆ ಹೆಲ್ಮೆಟ್, ಕಾಲಿಗೆ ಗಟ್ಟಿ ಬೂಟು ಕೇಳಿ ಪಡೆಯಿರಿ. ಕೆಂಪು ಹಸಿರು ಬಾವುಟ ಹಿಡಿಯುವವರು ವಾಹನಕ್ಕೆ ಮುಖ ಮಾಡಿಯೇ ನಿಲ್ಲಬೇಕು. ರೋಲರ್, ಜೆಸಿಬಿ ಹಿಂದಕ್ಕೆ ಬರುವಾಗ ಅದರ ಹಿಂದೆ ಯಾರೂ ಇರಬಾರದು. ನಿಂತ ಯಂತ್ರದ ನೆರಳಿನಲ್ಲಿ ಮಧ್ಯಾಹ್ನ ಮಲಗಬಾರದು, ಮಗುವನ್ನು ಮಲಗಿಸಬಾರದು. ತಾಯಂದಿರೇ, ಈ ಮಾತನ್ನು ದಯವಿಟ್ಟು ಗಂಟುಹಾಕಿ ಇಟ್ಟುಕೊಳ್ಳಿ. ಬಿಸಿ ಡಾಂಬರು ಮೈಮೇಲೆ ಬಿದ್ದರೆ ಕೂಡಲೇ ತಣ್ಣೀರು ಸುರಿದು ಆರಿಸಬೇಕು. ಅಂಟಿಕೊಂಡ ಡಾಂಬರನ್ನು ಕಿತ್ತು ತೆಗೆಯಲು ಹೋಗಬಾರದು, ಚರ್ಮವೂ ಕಿತ್ತು ಬರುತ್ತದೆ. ಹಾಗೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು.

ತರಬೇತಿಯ ಜೊತೆಗೆ ನೋಂದಣಿಯ ಮಾತೂ ಬರಬೇಕು. ರಸ್ತೆ ಕೆಲಸ ಕೂಡ ಕಾನೂನಿನ ಲೆಕ್ಕದಲ್ಲಿ ಕಟ್ಟಡ ನಿರ್ಮಾಣ ಕೆಲಸವೇ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1996ರ ಕಾಯ್ದೆಯಿಂದ ರಾಜ್ಯ ರಾಜ್ಯಗಳಲ್ಲಿ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಗಳು ಹುಟ್ಟಿದವು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಆ ಹಳೆಯ ಕಾಯ್ದೆಯ ವಿಷಯಗಳು ಅವುಗಳೊಳಗೆ ಸೇರಿದವು. ಮುಖ್ಯ ನಿಯಮ ಹಾಗೆಯೇ ಇದೆ. 18 ವರ್ಷ ತುಂಬಿದ, 60 ತುಂಬದ ಕೆಲಸಗಾರರು ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದ್ದರೆ ಮಂಡಳಿಯಲ್ಲಿ ಹೆಸರು ಬರೆಸಬಹುದು. ಮಂಡಳಿಯ ಹಣ ಸರ್ಕಾರದ ದಾನವಲ್ಲ. ನಿರ್ಮಾಣದ ಖರ್ಚಿನ ಮೇಲೆ ವಸೂಲು ಮಾಡುವ ಸೆಸ್ಸಿನಿಂದ ಬಂದ ನಿಮ್ಮ ಕೆಲಸದ ಹಣವೇ ಅದು. ಕೆಲಸಕ್ಕೆ ನೇಮಿಸಿಕೊಂಡ ಪತ್ರವನ್ನು ಕೊಡಬೇಕು ಎಂಬ ನಿಯಮವೂ ಹೊಸ ಸಂಹಿತೆಯಲ್ಲಿದೆ. ಆ ಪತ್ರ, ಹಾಜರಿಯ ಚೀಟಿ, ಕೂಲಿ ಬ್ಯಾಂಕಿಗೆ ಬಂದ ದಾಖಲೆ, ಇವುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿಡಿ. 90 ದಿನ ತೋರಿಸುವುದಕ್ಕೂ ಅದೇ ಬೇಕು, ಆರ್‌ಪಿಎಲ್ ಅರ್ಜಿಗೂ ಅದೇ ನೆರವಾಗುತ್ತದೆ. ಇದರ ಜೊತೆಗೆ 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯೂ ಇದೆ. ಅದು ಉಚಿತ.

ಗಡಿಯಲ್ಲಿ ಬಾಳುವ ನಮಗೆ ಒಂದೆರಡು ವಿಶೇಷ ತೊಡಕುಗಳಿವೆ. ಮೊದಲನೆಯದು ಹೆಸರಿನ ತೊಡಕು. ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಆಧಾರಿನಲ್ಲಿ ಮರಾಠಿಯ ಅಥವಾ ಮಲಯಾಳದ ಉಚ್ಚಾರದಂತೆ ಇನ್ನೊಂದು ಬಗೆ, ಬ್ಯಾಂಕಿನ ಪುಸ್ತಕದಲ್ಲಿ ಮೂರನೆಯ ಬಗೆ. ‘ಸಿದ್ದಪ್ಪ’ ಒಂದು ಕಡೆ ‘ಸಿಧಪ್ಪಾ’ ಆಗಿರುತ್ತಾನೆ, ಮನೆತನದ ಹೆಸರು ಇನ್ನೊಂದು ಕಡೆ ಮೊದಲಿಗೆ ಬಂದಿರುತ್ತದೆ. ತರಬೇತಿಯ ಪ್ರಮಾಣಪತ್ರ ಬರುವುದು ಆಧಾರಿನ ಹೆಸರಿಗೆ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಎಲ್ಲ ಕಾಗದಗಳಲ್ಲಿ ಹೆಸರು ಒಂದೇ ಆಗಿರುವಂತೆ ತಿದ್ದಿಸಿಕೊಳ್ಳಿ.

ಎರಡನೆಯದು ಭಾಷೆಯ ಅಂಜಿಕೆ. ‘ಪಾಠ ಮರಾಠಿಯಲ್ಲಿ ಇರುತ್ತದೆ, ತಮಿಳಿನಲ್ಲಿ ಇರುತ್ತದೆ, ನಾವು ಕನ್ನಡ ಶಾಲೆಯಲ್ಲಿ ಓದಿದವರು’ ಎಂದು ಹಿಂಜರಿಯುವವರಿದ್ದಾರೆ. ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಆ ಭಾಷೆಯನ್ನು ದಿನವೂ ಆಡುವವರು ನೀವೇ ಅಲ್ಲವೇ? ಯಂತ್ರದ ಭಾಗಗಳ ಹೆಸರಂತೂ ಎಲ್ಲ ರಾಜ್ಯಗಳಲ್ಲಿ ಒಂದೇ. ಕ್ಲಚ್ ಎಲ್ಲೆಡೆ ಕ್ಲಚ್, ಗೇರ್ ಎಲ್ಲೆಡೆ ಗೇರ್. ಉಳಿದ ಮಾತುಗಳಿಗೆ ಒಂದು ನೋಟುಬುಕ್ಕು ಇಟ್ಟುಕೊಳ್ಳಿ. ನಮ್ಮ ಉಸುಕು ಅಥವಾ ಮರಳು ಮರಾಠಿಯಲ್ಲಿ ವಾಳು, ತೆಲುಗಿನಲ್ಲಿ ಇಸುಕ, ತಮಿಳು ಮತ್ತು ಮಲಯಾಳದಲ್ಲಿ ಮಣಲ್. ನಮ್ಮ ಗರಸು ಮರಾಠಿಯಲ್ಲಿ ಮುರುಮ, ನಮ್ಮ ಜಲ್ಲಿ ಅಲ್ಲಿ ಖಡಿ. ದಿನಕ್ಕೆ ಐದು ಮಾತು ಬರೆದರೂ ತಿಂಗಳಿಗೆ ನೂರೈವತ್ತಾಗುತ್ತದೆ. ಎರಡು ಭಾಷೆ ಬಲ್ಲವನು ಗುಂಪಿನ ಮುಂದಾಳಾಗುವುದು ಸುಲಭ. ಎಂಜಿನಿಯರಿಗೂ ಹಳ್ಳಿಯವರಿಗೂ ನಡುವೆ ಮಾತಾಡಬಲ್ಲವನನ್ನು ಯಾವ ಗುತ್ತಿಗೆದಾರನೂ ಕೈಬಿಡುವುದಿಲ್ಲ. ಇನ್ನು ದೂರು ಕೊಡಬೇಕಾದ ಸಂದರ್ಭ ಬಂದರೆ ಸಂವಿಧಾನದ 350ನೆಯ ವಿಧಿ ನಿಮ್ಮ ಬೆನ್ನಿಗಿದೆ. ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಅದು ಎಲ್ಲರಿಗೂ ಕೊಟ್ಟಿದೆ. ಕನ್ನಡದಲ್ಲಿ ಬರೆದು ಕೊಟ್ಟರೂ ಅದು ಅರ್ಜಿಯೇ.

ಕೊನೆಯದಾಗಿ ಒಂದು ಎಚ್ಚರಿಕೆ. ಹೊಸ ರಸ್ತೆ ಬರುವ ಕಡೆಗೆಲ್ಲ ದಲ್ಲಾಳಿಗಳೂ ಬರುತ್ತಾರೆ. ‘ಹೆದ್ದಾರಿ ಇಲಾಖೆಯಲ್ಲಿ ಕಾಯಂ ನೌಕರಿ, ಇಷ್ಟು ಸಾವಿರ ಕೊಡಿ’ ಎನ್ನುತ್ತಾರೆ. ಸರ್ಕಾರದ ಉಚಿತ ತರಬೇತಿಗೆ ಹಣ ಕೇಳುವವನು, ತರಬೇತಿ ಇಲ್ಲದೆ ಪ್ರಮಾಣಪತ್ರ ಕೊಡುತ್ತೇನೆ ಎನ್ನುವವನು, ಮೂಲ ಕಾಗದಗಳನ್ನು ತೆಗೆದಿಟ್ಟುಕೊಳ್ಳುವವನು, ಈ ಮೂವರನ್ನೂ ನಂಬಬೇಡಿ. ಅಸಲು ಪ್ರಮಾಣಪತ್ರವನ್ನು ಡಿಜಿಲಾಕರ್‌ನಲ್ಲಿಯೋ ಅದರ ಮೇಲಿನ ಚೌಕಾಕಾರದ ಗುರುತನ್ನು ಫೋನಿನಲ್ಲಿ ತೋರಿಸಿಯೋ ಪರೀಕ್ಷಿಸಬಹುದು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಂದ ನೋಡಿಸಿರಿ.

ಹಾಗಾದರೆ ನಾಳೆ ಬೆಳಿಗ್ಗೆ ಏನು ಮಾಡಬೇಕು? ಈಗಾಗಲೇ ಕಸುಬು ಬಲ್ಲವರು ತಮ್ಮ ಗುಂಪಿನವರ ಹೆಸರು, ವಯಸ್ಸು, ಎಷ್ಟು ವರ್ಷದ ಅನುಭವ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಜಿಲ್ಲಾ ಕೌಶಲ ಕಚೇರಿಗೆ ಆರ್‌ಪಿಎಲ್ ಶಿಬಿರ ಕೇಳಿ ಕೊಡಲಿ. ಯಂತ್ರ ಓಡಿಸುವವರು ಲೈಸನ್ಸಿನಲ್ಲಿ ಯಾವ ಬಗೆಯ ವಾಹನ ಬರೆದಿದೆ ಎಂದು ತೆಗೆದು ನೋಡಲಿ. ಹತ್ತನೆಯದು ಮುಗಿಸಿದ ಮಕ್ಕಳ ತಂದೆತಾಯಿಗಳು ಐಟಿಐ ಪ್ರವೇಶದ ದಿನಾಂಕ ವಿಚಾರಿಸಲಿ. ಓದು ಬಾರದವರು ಊರಿನ ಶಾಲೆಯ ಗುರುಗಳನ್ನೋ ಸ್ವಸಹಾಯ ಸಂಘದ ಅಕ್ಕಂದಿರನ್ನೋ ಕೇಳಿ ಅರ್ಜಿ ತುಂಬಿಸಿಕೊಳ್ಳಲಿ.

ಗುತ್ತಿಗೆಯ ಅವಧಿ ಮುಗಿದ ದಿನ ಯಂತ್ರಗಳು ಟ್ರೇಲರ್ ಹತ್ತಿ ಹೊರಟುಹೋಗುತ್ತವೆ, ತಗಡಿನ ಶೆಡ್ಡುಗಳನ್ನು ಬಿಚ್ಚುತ್ತಾರೆ. ಆದರೆ ಆ ರಸ್ತೆಯ ಗುಂಡಿ ಮುಚ್ಚುವ, ಚರಂಡಿ ತೆಗೆಯುವ, ಮುಂದಿನ ರಸ್ತೆಯನ್ನು ಕಟ್ಟುವ ಕೆಲಸ ಎಂದಿಗೂ ಮುಗಿಯುವುದಿಲ್ಲ. ಆ ಕೆಲಸಕ್ಕೆ ಕರೆ ಬಂದಾಗ ನಮ್ಮೂರಿನವರು ಬುಟ್ಟಿಯೊಂದನ್ನೇ ಹಿಡಿದು ನಿಲ್ಲದೆ, ಕಲಿತ ಕೈ ಮತ್ತು ಅದನ್ನು ಹೇಳುವ ಕಾಗದ ಎರಡನ್ನೂ ಹಿಡಿದು ನಿಲ್ಲುವಂತಾಗಲಿ.